ಟೀಟಿ ಕೋತಿ: ಹಳೆ ಪಟ್ಟಿಯ ಹೆಸರು ಹೊಸದಕ್ಕೆ ಹೊಂದುತ್ತಿಲ್ಲವೇ?

ದಕ್ಷಿಣ ಅಮೆರಿಕದ ಪುಟ್ಟ ಕೋತಿಗಳಾದ ಟೀಟಿಗಳ ವೈಜ್ಞಾನಿಕ ಹೆಸರುಗಳು ಹಳೆ ಪಟ್ಟಿಯಲ್ಲೊಂದು, ಹೊಸದರಲ್ಲೊಂದು ಇರುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಹಳೆ ಪಟ್ಟಿಯ ‘ಕ್ಯಾಲಿಸೆಬಸ್ ಮೊಲೊಕ್’, ಹೊಸದರ ‘ಪ್ಲೆಕ್ಟುರೊಸೆಬಸ್ ಮೊಲೊಕ್’ ಎರಡೂ ಒಂದೇ ಕೋತಿ. 2016ರಲ್ಲಿ ಡಿಎನ್‌ಎ ಆಧಾರದ ಮೇಲೆ ಟೀಟಿಗಳ ಒಂದೇ ಕುಲವಾಗಿದ್ದ (ಹೆಸರಿನ ಮೊದಲ ಪದ ಸೂಚಿಸುವ ಗುಂಪು) ಕ್ಯಾಲಿಸೆಬಸ್ ಅನ್ನು ಮೂರಾಗಿ ಒಡೆದರು. ನಿಮ್ಮ ಪಟ್ಟಿ ಅದಕ್ಕೂ ಹಿಂದಿನದು.

ದಯವಿಟ್ಟು ‘ಕ್ಯಾಲಿಸೆಬಸ್’ ಎಂಬುದನ್ನೆಲ್ಲ ಒಂದೇ ಏಟಿಗೆ ಬದಲಿಸಬೇಡಿ. ಎಲ್ಲರೂ ಎಡವುವುದು ಅಲ್ಲೇ. ಮೊದಲು ಪೂರ್ವ ಬ್ರೆಜಿಲ್‌ನ ಐದು ಪ್ರಭೇದಗಳನ್ನು ಬದಿಗಿಡಿ: ಪರ್ಸೊನೇಟಸ್, ನಿಗ್ರಿಫ್ರಾನ್ಸ್, ಮೆಲನೊಖಿರ್, ಕೊಯಿಂಬ್ರೈ, ಬಾರ್ಬರಾಬ್ರೌನೆ. ಇವು ಕ್ಯಾಲಿಸೆಬಸ್ ಆಗಿಯೇ ಉಳಿಯುತ್ತವೆ. ಆಮೇಲೆ ಟಾರ್ಕ್ವೇಟಸ್, ಲುಗೆನ್ಸ್, ಲೂಸಿಫರ್‌ನಂಥ ಕೊರಳಪಟ್ಟಿಯ ಗುಂಪನ್ನು ಚೆರಾಸೆಬಸ್‌ಗೆ ಹಾಕಿ. ಉಳಿದ ಮೊಲೊಕ್, ಕುಪ್ರಿಯಸ್, ಡೊನಾಕೊಫಿಲಸ್ ಮುಂತಾದವು ಪ್ಲೆಕ್ಟುರೊಸೆಬಸ್.

ಮೂರೂ ಪುಲ್ಲಿಂಗದ ಹೆಸರುಗಳಾದ್ದರಿಂದ ಪ್ರಭೇದದ ಹೆಸರಿನ ಕೊನೆ ಬದಲಾಗದು. ಆದರೆ ಆವರಣ ಚಿಹ್ನೆ ನೋಡಿಕೊಳ್ಳಿ: 2010ರಲ್ಲಿ ಕ್ಯಾಲಿಸೆಬಸ್ ಎಂದೇ ವಿವರಿಸಿದ ಕಕೆಟೆನ್ಸಿಸ್ ಈಗ ಬೇರೆ ಕುಲಕ್ಕೆ ಹೋಗಿರುವುದರಿಂದ, ವಿವರಿಸಿದವರ ಹೆಸರು ಮತ್ತು ವರ್ಷ ಆವರಣದೊಳಗೆ ಬರಬೇಕು. ಮೊಲೊಕ್‌ಗೆ ಆವರಣ ಮೊದಲೇ ಇತ್ತು. ಏಕೆಂದರೆ 1807ರಲ್ಲಿ ಅದನ್ನು ಸೆಬಸ್ ಎಂಬ ಬೇರೆ ಕುಲದಲ್ಲಿ ವಿವರಿಸಿದ್ದರು.

ಹಳೆ ಹೆಸರನ್ನು ಅಳಿಸದೆ ಪಕ್ಕದ ಕಾಲಮ್ಮಿನಲ್ಲಿಡಿ. ಹಳೆಯ ಲೇಖನ ಹುಡುಕಲು ಅದೇ ಬೇಕು. ಊರು, ನದಿ ಯಾವುದನ್ನೂ ಬರೆಯದ ಫೋಟೊಗಳಿಗೆ ಮಾತ್ರ ಪ್ರಭೇದ ಖಚಿತವಾಗಿ ಹೇಳಲಾಗದು, ‘ಟೀಟಿ, ಕ್ಯಾಲಿಸೆಬಿನೆ ಉಪಕುಟುಂಬ’ ಎಂದಷ್ಟೇ ಬರೆಯಿರಿ.