ಅದು ಒಬ್ಬಟ್ಟಲ್ಲ, ಕಜ್ಜಾಯ

ನಾಯಿ ಸತ್ತಿದೆ ಎಂದು ಹೇಳಿಕೊಂಡು ನನ್ನ ಹತ್ತಿರ ಯಾರೂ ಬರುವುದಿಲ್ಲ. ನಿದ್ದೆ ಬರುತ್ತಿಲ್ಲ, ಬಿಪಿ ಏರಿದೆ, ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ ಎಂದು ಬರುತ್ತಾರೆ. ಎರಡನೇ ಸಲವೋ ಮೂರನೇ ಸಲವೋ ಬಂದಾಗ, ಎದ್ದು ಹೊರಡುವ ಹೊತ್ತಿಗೆ, ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ "ಹೇಳಿದ್ರೆ ನಗ್ತೀರ ಮೇಡಂ" ಎಂದು ಶುರು ಮಾಡುತ್ತಾರೆ. ನಾನು ಮೈಸೂರಿನಲ್ಲಿ ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಈಚೆಗೆ ಇಂಥವರು ಜಾಸ್ತಿ ಬರುತ್ತಿದ್ದಾರೆ. ಮಕ್ಕಳು ಬೆಂಗಳೂರು, ಪುಣೆ ಸೇರಿರುತ್ತಾರೆ. ಮನೆಯಲ್ಲಿ ಗಂಡ, ಹೆಂಡತಿ, ಒಂದು ನಾಯಿ. ನಾಯಿ ಹೋದ ಮೇಲೆ ಆ ಮನೆಯಲ್ಲಿ ಮಾತು ಶುರುವಾಗುವುದಕ್ಕೂ ಒಂದು ನೆಪ ಇರುವುದಿಲ್ಲ.

ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ನಾಯಿಯ ಹೆಸರನ್ನೂ.

ಆಕೆಗೆ ಐವತ್ತು ದಾಟಿದೆ. ಮನೆ ಕುವೆಂಪುನಗರದ ಕಡೆ. ಗಂಡನ ಊರು ಮದ್ದೂರಿನ ಹತ್ತಿರ. ಮನೆ ಕಟ್ಟಿಸುವಾಗ ಮರಳಿನ ರಾಶಿಯ ಮೇಲೆ ಒಂದು ಬೀದಿನಾಯಿ ಮರಿ ಸಿಕ್ಕಿತ್ತು. ಸ್ಕೂಲಿಗೆ ಹೋಗುತ್ತಿದ್ದ ಮಗ ಹಟ ಹಿಡಿದು ಉಳಿಸಿಕೊಂಡ. ಕೆಂಚ ಅನ್ನೋಣ. ಹದಿಮೂರು ವರ್ಷ ಬದುಕಿತು. ಕೊನೆಗೆ ಕಿಡ್ನಿ ಕೈಕೊಟ್ಟಿತು. ಡ್ರಿಪ್ ಹಾಕಿಸಿದರು, ವಾಂತಿ ನಿಲ್ಲಲಿಲ್ಲ, ನೀರೂ ಸೇರಲಿಲ್ಲ. "ಇನ್ನು ಇದಕ್ಕೆ ಹಿಂಸೆ ಕೊಡೋದು ಬೇಡ" ಎಂದರು ಡಾಕ್ಟರು. ಗಂಡ ಕ್ಲಿನಿಕ್ಕಿನ ಹೊರಗೆ ಸ್ಕೂಟರ್ ಹತ್ತಿರ ನಿಂತುಬಿಟ್ಟರು. ಒಳಗೆ ಹೋಗಿ ಸಹಿ ಹಾಕಿದ್ದು ಆಕೆ. ಊರಿನ ತೋಟದಲ್ಲಿ ಮಣ್ಣು ಮಾಡಿದರು.

"ಕಣ್ಣು ತೆರೆದೇ ಇತ್ತು ಮೇಡಂ. ಇಂಜೆಕ್ಷನ್ ಆದ್ಮೇಲೂ ಒಂದ್ಸಲ ಜೋರಾಗಿ ಉಸಿರು ಎಳ್ಕೊಂತು. ಅದಕ್ಕೆ ಗೊತ್ತಾಗೋಯ್ತು, ನಾನೇ ಮಾಡಿಸ್ತಿರೋದು ಅಂತ."

ಇಂಥ ಮಾತಿಗೆ "ಇಲ್ಲಮ್ಮ, ಹಾಗೇನಿಲ್ಲ" ಎಂದು ಸಮಾಧಾನ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಸಮಾಧಾನ ಹೇಳುವವರು ಬೇಕಾದಷ್ಟು ಜನ ಇರುತ್ತಾರೆ. ಅದೇ ಡಾಕ್ಟರ ಹತ್ತಿರ ವಾಪಸ್ ಹೋಗಿ ಈ ಪ್ರಶ್ನೆಯನ್ನೇ ಕೇಳಿ ಎಂದೆ. ಹೋಗಿ ಕೇಳಿದರು. ಆ ಔಷಧಿ ಅರಿವಳಿಕೆಯ ಜಾತಿಯದು, ಅದನ್ನು ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ. ಕಣ್ಣು ಮುಚ್ಚಿಕೊಳ್ಳುವುದಕ್ಕೆ ಸ್ನಾಯು ಕೆಲಸ ಮಾಡಬೇಕು, ಆದ್ದರಿಂದ ಸತ್ತ ನಾಯಿಯ ಕಣ್ಣು ತೆರೆದೇ ಇರುವುದು ಸಾಮಾನ್ಯ. ಕೊನೆಯ ಆ ಉಸಿರೂ, ಕಾಲಿನ ಸೆಳೆತವೂ ದೇಹ ತಾನಾಗಿ ಮಾಡುವಂಥದ್ದು, ಆಗ ನಾಯಿಗೆ ಅರಿವು ಇರುವುದಿಲ್ಲ. ಇದನ್ನೆಲ್ಲ ಡಾಕ್ಟರು ಬಿಡಿಸಿ ಹೇಳಿದರಂತೆ. ಇನ್ನೊಂದನ್ನೂ ಹೇಳಿದರಂತೆ: ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವ ತನಕ ಸಾಮಾನ್ಯವಾಗಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರಿದ್ದು ಕಾಣುವುದೇ ಇಲ್ಲ. "ಮೊದಲೇ ನೋಡ್ಬೇಕಿತ್ತು" ಎಂದು ಆಕೆ ತನ್ನನ್ನೇ ಬೈದುಕೊಳ್ಳುತ್ತಿದ್ದರಲ್ಲ, ಅದಕ್ಕೂ ಉತ್ತರ ಸಿಕ್ಕಿತು. ನಾಯಿಗೆ ದಯಾಮರಣ ಕೊಡಿಸಿ ಕೊರಗುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ತಪ್ಪಿತಸ್ಥ ಭಾವನೆಗೆ ಎಷ್ಟೋ ಸಲ ಒಂದು ಸರಿಯಾದ ಮಾಹಿತಿ ಸಾಕಾಗುತ್ತದೆ.

ಆಕೆಗೆ ಅರ್ಧ ಸಾಕಾಯಿತು. ಇನ್ನರ್ಧ ಉಳಿಯಿತು. ಹದಿಮೂರು ವರ್ಷದ ನಾಯಿಯಲ್ಲಿ ಆಕೆಗೆ ನೆನಪಿದ್ದದ್ದು ಆ ಸ್ಟೀಲ್ ಟೇಬಲ್ ಮೇಲಿನ ಹತ್ತು ನಿಮಿಷ ಮಾತ್ರ. ಕೆಂಚನ ಬಗ್ಗೆ ಹೇಳಿ ಎಂದರೆ ಅಲ್ಲಿಂದಲೇ ಶುರು, ಅಲ್ಲಿಗೇ ಮುಗಿತಾಯ. ಎಲ್ಲೋ ಓದಿಕೊಂಡು ಬಂದು "ದುಃಖದ ಐದು ಹಂತ ಇದೆಯಂತಲ್ಲ, ನಾನು ಎಷ್ಟನೇದರಲ್ಲಿದೀನಿ?" ಎಂದೂ ಕೇಳಿದರು. ಈ ಐದು ಹಂತ ನಮ್ಮ ಜನಕ್ಕೆ ಎಷ್ಟು ತೊಂದರೆ ಕೊಟ್ಟಿದೆ ಎಂದರೆ ಹೇಳಿ ಪ್ರಯೋಜನವಿಲ್ಲ. ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರು ಒಂದೊಂದೇ ಹತ್ತಿ ಮುಗಿಸಬೇಕಾದ ಮೆಟ್ಟಿಲು ಅಲ್ಲ ಅದು.

ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಎಂದೆ. ಬಂದರು. "ನನಗೇನೂ ಪ್ರಾಬ್ಲಂ ಇಲ್ಲ ಮೇಡಂ, ಇವಳಿಗೇ" ಎಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

ನಾನು ಆಕೆಯನ್ನು ಕೇಳಿದೆ: "ಕೆಂಚನ ಕೆಟ್ಟ ಬುದ್ಧಿ ಏನೇನಿತ್ತು, ಹೇಳಿ."

ಆಕೆಗೆ ಕೋಪ ಬಂತು. ಸತ್ತವರ ಬಗ್ಗೆ ಹಾಗೆ ಕೇಳುತ್ತಾರಾ ಎನ್ನುವ ಮುಖ. ನಾನು ಸುಮ್ಮನಿದ್ದೆ. ಆಮೇಲೆ ಮೆಲ್ಲಗೆ ಬಂತು. ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೇ ಹೋಗಿ ಮಲಗುತ್ತಿತ್ತು, ಮೈಗೆಲ್ಲ ಬಿಳಿ ಪುಡಿ ಹತ್ತಿಸಿಕೊಂಡು ಸೋಫಾ ಏರುತ್ತಿತ್ತು. ಸಿಲಿಂಡರ್ ತರುವ ಹುಡುಗನನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಯುಗಾದಿಗೆ ಅತ್ತೆ ಮಾಡಿಟ್ಟಿದ್ದ ಒಬ್ಬಟ್ಟಿನ ಡಬ್ಬ ಬೀಳಿಸಿ ಅಷ್ಟನ್ನೂ ತಿಂದುಬಿಟ್ಟಿತ್ತು. ಅತ್ತೆ ಅಡುಗೆಮನೆ ಚಿಲಕ ಹಾಕದೆ ಹೋಗಿದ್ದರಂತೆ.

"ಅದು ಒಬ್ಬಟ್ಟಲ್ಲ, ಕಜ್ಜಾಯ" ಎಂದರು ಬಾಗಿಲ ಹತ್ತಿರ ಕೂತಿದ್ದವರು.

"ಒಬ್ಬಟ್ಟೇ. ಯುಗಾದಿ."

"ದೀಪಾವಳಿ ಕಣೇ. ಕಜ್ಜಾಯ. ನನಗೆ ಗೊತ್ತು. ಮೊದಲು ಒಂದು ನಾನೇ ಕೊಟ್ಟಿದ್ದು."

ಆಕೆ ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದರು. "ನೀವಾ? ಇಷ್ಟು ವರ್ಷ ಅತ್ತೇನ ಅಂದೆನಲ್ರೀ ನಾನು!"

"ಬಾಲ ಅಲ್ಲಾಡಿಸ್ಕೊಂಡು ನಿಂತಿತ್ತು. ಒಂದು ಕೊಟ್ಟೆ. ರುಚಿ ಹತ್ತಿಬಿಡ್ತು ಅದಕ್ಕೆ. ಚಿಲಕ ಹಾಕೋದು ಮರೆತದ್ದೂ ನಾನೇ."

ಅಲ್ಲಿಂದ ಇಬ್ಬರ ವಾದ ಶುರುವಾಯಿತು. ನನ್ನ ಕಡೆ ಯಾರೂ ನೋಡಲಿಲ್ಲ. ಎಷ್ಟು ಕಜ್ಜಾಯ, ಯಾವ ಡಬ್ಬ, ಆವತ್ತು ಮಗ ಯಾವ ಕ್ಲಾಸು, ರಾತ್ರಿ ನಾಯಿಗೆ ಹೊಟ್ಟೆ ಕೆಟ್ಟಾಗ ಎದ್ದವರು ಯಾರು. ಮಾತಿನ ಮಧ್ಯೆ ಗಂಡನ ಬಾಯಿಂದಲೇ ಇನ್ನೊಂದು ಹೊರಬಿತ್ತು. ಅವರು ಈಗಲೂ ಬೆಳಿಗ್ಗೆ ಐದೂವರೆಗೆ ಎದ್ದು ವಾಕಿಂಗ್ ಹೋಗುತ್ತಾರೆ. ಬೀದಿನಾಯಿಗಳು ಕೆಂಚನ ಮೇಲೆ ಬೀಳದಿರಲಿ ಎಂದು ಹಿಡಿಯುತ್ತಿದ್ದ ಕೋಲು ಈಗಲೂ ಕೈಯಲ್ಲಿರುತ್ತದೆ. ರಸ್ತೆ ಮಾತ್ರ ಬದಲಿಸಿದ್ದಾರೆ. ಹಳೇ ರಸ್ತೆಯಲ್ಲಿ ಹಾಲು ಹಾಕುವವನು, ಹೂವಿನವಳು ಎಲ್ಲ "ಎಲ್ಲಿ ಸಾರ್ ಕೆಂಚ?" ಎಂದು ಕೇಳುತ್ತಾರೆ. ನಂದಿನಿ ಹಾಲು ಇನ್ನೂ ಒಂದು ಪ್ಯಾಕೆಟ್ ಜಾಸ್ತಿಯೇ ಬರುತ್ತಿದೆ, ಬೇಡ ಎಂದು ಹೇಳಲು ಇಬ್ಬರಿಗೂ ಬಾಯಿ ಬಂದಿಲ್ಲ.

ಆಮೇಲೆ ಆಕೆ ಅತ್ತರು. ಹಿಂದಿನ ಸಲಗಳಿಗಿಂತ ಜಾಸ್ತಿ ಅತ್ತರು. ಗಂಡ ಗಾಬರಿಯಾಗಿ, "ಸುಮ್ನೆ ಇದ್ದವಳಿಗೆ ಎಲ್ಲ ನೆನಪು ಮಾಡಿ ಅಳಿಸಿದ್ರಲ್ಲ ಮೇಡಂ" ಎಂದರು. ಈ ಆಕ್ಷೇಪ ನನಗೆ ಹೊಸದಲ್ಲ. ಮರೆಸುವುದೇ ಆಪ್ತಸಲಹೆ ಎಂದು ತುಂಬ ಜನ ತಿಳಿದಿದ್ದಾರೆ. ಆದರೆ ಆ ಒಂದು ಗಂಟೆಯಲ್ಲಿ ಇಬ್ಬರೂ ಕ್ಲಿನಿಕ್ಕಿನ ಮಾತೇ ಎತ್ತಿರಲಿಲ್ಲ. ಕೊನೆಯ ದಿನವನ್ನು ನೆನೆದು ಅಳುವುದು ಬೇರೆ, ಕಜ್ಜಾಯ ಕದ್ದ ನಾಯಿಯನ್ನು ನೆನೆದು ಅಳುವುದು ಬೇರೆ. ಎರಡನೆಯದು ಮನಸ್ಸನ್ನು ಸವೆಸುವುದಿಲ್ಲ. ಒಳ್ಳೆಯ ಗುಣ ಹೇಳಿ ಎಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನಿಯತ್ತು, ಪ್ರೀತಿ. ತಂಟೆ ಹೇಳಿ ಎಂದಾಗ ಮಾತ್ರ ಆ ಒಂದು ನಾಯಿ, ಆ ಒಂದು ಮನೆ ಎದುರಿಗೆ ಬರುತ್ತದೆ. ಆದ್ದರಿಂದ ನಾನು ತಂಟೆಯನ್ನೇ ಕೇಳುತ್ತೇನೆ.

ಕೊಟ್ಟ ಸಲಹೆ ದೊಡ್ಡದೇನಲ್ಲ. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಕೆಂಚನ ಒಂದು ಕಥೆ ಹೇಳಿ, ಭಾನುವಾರ ಮಗನನ್ನೂ ಫೋನಿನಲ್ಲಿ ಸೇರಿಸಿಕೊಳ್ಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಿದರೆ ಇನ್ನೂ ಒಳ್ಳೆಯದು. ಸರಪಳಿ, ತಟ್ಟೆ ಎಲ್ಲ ಈಗಲೇ ಎಸೆಯಬೇಡಿ, ಹಾಗಂತ ಎಲ್ಲವನ್ನೂ ಇಟ್ಟುಕೊಳ್ಳುವುದೂ ಬೇಡ. ಹಾಲು ಯಾವತ್ತು ನಿಲ್ಲಿಸಬೇಕು ಎಂದು ಇಬ್ಬರೂ ಸೇರಿ ನಿರ್ಧಾರ ಮಾಡಿ. ಗಂಡನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ: ಒಂದು ದಿನ ಹಳೇ ರಸ್ತೆಯಲ್ಲೇ ಹೋಗಿ, ಕೇಳಿದವರಿಗೆ "ಹೋಗ್ಬಿಟ್ಟ" ಎಂದು ಹೇಳಿ. ಹೂವಿನವಳು ಐದು ನಿಮಿಷ ನಿಲ್ಲಿಸಿಕೊಂಡು ಮಾತಾಡಿದಳಂತೆ. ಆವರೆಗೆ ಅವರಿಗೆ ಯಾರೂ ಅಷ್ಟು ಹೊತ್ತು ಕೊಟ್ಟಿರಲಿಲ್ಲ.

ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಇದನ್ನೇ ಬರೆದರು. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖ ಹೊರಗೆ ಬರಲು ದಾರಿ ಸಿಗದೆ ಇನ್ನೂ ಭಾರವಾಗುತ್ತದೆ ಎಂದರು. ಮನುಷ್ಯರು ಹೋದರೆ ನಮ್ಮ ಕಡೆ ಮೂರನೇ ದಿನ ಹಾಲು-ತುಪ್ಪ ಇದೆ, ಹನ್ನೊಂದನೇ ದಿನ ತಿಥಿ ಇದೆ, ಆಫೀಸಿನಲ್ಲಿ ರಜೆ ಇದೆ. ನಾಯಿ ಹೋದರೆ "ಒಂದು ನಾಯಿ ತಾನೇ" ಎನ್ನುವ ಮಾತು ಮಾತ್ರ.

ಆಕೆಗೆ ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಕೆಂಚನಿಗೂ ಸ್ವಲ್ಪ ಇಡುವ ಆಸೆ. ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. "ಹಿರೀಕರ ಸಾಲಲ್ಲಿ ನಾಯ್ಗೆ ಎಡೆ ಇಕ್ಕೋಕಾಯ್ತದಾ?" ಎಂದರಂತೆ. ನಾನು ಅತ್ತೆಯ ಪರ ನಿಂತೆ, ಅದು ಆಕೆಗೆ ಇಷ್ಟವಾಗಲಿಲ್ಲ. ಎಡೆ ಹಿರಿಯರದು, ಅಲ್ಲಿ ಜಗಳ ತೆಗೆದರೆ ಕೆಂಚನ ನೆನಪಿಗೂ ಕಹಿ ಅಂಟುತ್ತದೆ. ಬೇರೆ ದಿನ, ಬೇರೆ ಜಾಗ ಮಾಡಿಕೊಳ್ಳಿ ಎಂದೆ. ನಾಯಿಯ ನೆನಪಿಗೆ ಏನಾದರೂ ಮಾಡಿದರೆ ಜನ ನಗುತ್ತಾರೆ ಎನ್ನುವ ಅಳುಕು ಗಂಡನಿಗಿತ್ತು. ಅವರಿಗೆ ಅವರ ತಾಲ್ಲೂಕಿನದೇ ಆತಕೂರಿನ ಕಲ್ಲಿನ ವಿಷಯ ಹೇಳಿದೆ. ಕ್ರಿ.ಶ. 949-50ರ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಅವನ ಒಡೆಯ ಬೇಕಾದ್ದು ಕೇಳು ಎಂದರೆ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಜಮೀನು ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಇದನ್ನು ಅವರು ಅಮ್ಮನಿಗೆ ಹೇಳಿದರಂತೆ. ಅಜ್ಜಿ ಯೋಚನೆ ಮಾಡಿ ರಾಜಿಗೆ ಬಂದರು: "ತೋಟದಲ್ಲಿ ಕಲ್ಲು ಬೇಕಾದ್ರೆ ನೆಡು. ಹೆಸರು ಗಿಸರು ಬರೆಸಬ್ಯಾಡ."

ಓದುವವರಲ್ಲಿ ಯಾರಿಗಾದರೂ ನಾಯಿ ಹೋದ ಮೇಲೆ ವಾರಗಟ್ಟಲೆ ನಿದ್ದೆ, ಊಟ ಇಲ್ಲದಿದ್ದರೆ, ತಾನೂ ಇರಬಾರದು ಅನ್ನಿಸುತ್ತಿದ್ದರೆ, ಕಥೆ ಹೇಳಿಕೊಂಡು ಕೂರುವ ಕಾಲ ಅದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮರಿಯ ವಿಷಯ. ನಾಯಿ ಸತ್ತ ವಾರದಲ್ಲೇ ಇನ್ನೊಂದು ತಂದುಕೊಡುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ. ನಾನು ಬೇಡ ಎನ್ನುತ್ತೇನೆ. ಬಂದ ಮರಿ ಮೊದಲ ದಿನದಿಂದಲೇ ಹಳೆಯದರ ಜೊತೆ ಹೋಲಿಕೆಯಲ್ಲಿ ಸೋಲುತ್ತದೆ, ಆ ಸೋಲು ಅದಕ್ಕೆ ಅನ್ಯಾಯ. ಈ ಮನೆಗೂ ಮಗ ಒಂದು ಮರಿ ನೋಡಿಟ್ಟಿದ್ದಾನೆ. ಯಜಮಾನರಿಗೆ ಬೇಕು, ಆಕೆಗೆ ಇನ್ನೂ ಬೇಡ. ಹೋದ ವಾರ ಇಬ್ಬರೂ ಫೋನ್ ಮಾಡಿ ನೀವೇ ಹೇಳಿ ಎಂದರು. ಇಬ್ಬರೂ ಹೂಂ ಅನ್ನುವ ತನಕ ತರಬೇಡಿ, ಅಲ್ಲಿಯವರೆಗಿನ ಜಗಳದಲ್ಲಿ ನನ್ನನ್ನು ಸೇರಿಸಬೇಡಿ ಎಂದಿದ್ದೇನೆ.