‘ಇಷ್ಟೇ, ಇನ್ನೇನಿಲ್ಲ’ ಅಂತ ಮೂರು ಸಲ ಹೇಳಿದ ಗಂಡ

ನಿಮ್ಮ ಪತ್ರ ಎರಡು ಸಲ ಓದ್ದೆ ತಂಗಿ. ಹೆಸರು, ಊರು ಹಾಕ್ಬೇಡಿ ಅಂದಿದೀರ, ಹಾಕಲ್ಲ. ಬೇರೆ ಓದುಗರಿಗೂ ವಿಷ್ಯ ಗೊತ್ತಾಗ್ಲಿ ಅಂತ ಚುಟುಕಾಗಿ ಹೇಳ್ಬಿಡ್ತೀನಿ. ಇವರು ಪ್ರೈವೇಟ್ ಸ್ಕೂಲಲ್ಲಿ ಟೀಚರ್, ಮದುವೆಯಾಗಿ 9 ವರ್ಷ, ನಾದಿನಿ ಮದುವೆಗೆ ಹಾಕ್ಕೊಳ್ಳೋಣ ಅಂತ ಬೀರು ತೆಗೆದ್ರೆ ಡಬ್ಬಿಲಿ ಅವಲಕ್ಕಿ ಸರನೂ ಇಲ್ಲ ಬಳೆನೂ ಇಲ್ಲ. ಗಂಡನ್ನ ಕೇಳಿದ್ರೆ ಗಿರವಿ ಇಟ್ಟಿದೀನಿ, 1 ಲಕ್ಷ 80 ಸಾವಿರ, ಇಷ್ಟೇ, ಇನ್ನೇನಿಲ್ಲ ಅಂದ್ರಂತೆ. ವಾರ ಬಿಟ್ಟು ಲೋನ್ ಆಪಿನವರ ಫೋನ್ ಬಂತು, ಲೆಕ್ಕ 3 ಲಕ್ಷ 20 ಸಾವಿರಕ್ಕೆ ಹೋಯ್ತು, ಮತ್ತೆ ‘ಇಷ್ಟೇ’. ಆಮೇಲೆ ಅವರ ಫ್ರೆಂಡೊಬ್ಬ ಮನೆಗೇ ಬಂದು ಸೋಫಾ ಮೇಲೆ ಕೂತ, 5 ಲಕ್ಷ ದಾಟ್ತು, ಆಗ್ಲೂ ‘ಇಷ್ಟೇ’. ಹೋಗಿದ್ದೆಲ್ಲ ಕ್ರಿಕೆಟ್ ಬೆಟ್ಟಿಂಗಿಗೆ, ಆನ್‌ಲೈನ್ ರಮ್ಮಿಗೆ. ಈಗ ಇವರು ಕೇಳ್ತಿರೋದು, ನನ್ನ ಪಿಎಫ್ ತೆಗೆದು ಎಲ್ಲ ತೀರಿಸಿಬಿಡ್ಲಾ ಅಕ್ಕ, ಅವರು ಕೆಟ್ಟವರಲ್ಲ ಅಂತ.

ಈಗ್ಲೇ ತೆಗೀಬೇಡಿ.

ಕೆಟ್ಟವರೋ ಒಳ್ಳೆಯವರೋ ಅನ್ನೋದು ಆಮೇಲೆ ನೋಡೋಣ, ಎಷ್ಟು ಸಾಲ ಅಂತಾನೇ ಇನ್ನೂ ಗೊತ್ತಿಲ್ವಲ್ಲ ನಿಮಗೆ. ನಮ್ಮ ಚಿಕ್ಕಪ್ಪ ಒಬ್ರು ಚೀಟಿ ನಡೆಸಿ ಕೈ ಸುಟ್ಕೊಂಡಿದ್ರು, ನಮ್ಮಪ್ಪ ತಮ್ಮ ಅಂತ ಒಂದು ಸೈಟ್ ಮಾರಿ ತೀರಿಸಿದ್ರು, ಎಲ್ಲ ಮುಗೀತು ಅಂತ ಮನೇಲಿ ಹೋಳಿಗೆನೂ ಆಯ್ತು, ಆರು ತಿಂಗಳಿಗೆ ಸಾಲ ಕೊಟ್ಟ ಇನ್ನೊಬ್ಬ ಬಾಗಿಲಿಗೆ ಬಂದ. ಚಿಕ್ಕಪ್ಪನ್ನ ಕೂರಿಸಿ ಯಾಕೋ ಆವತ್ತೇ ಹೇಳ್ಲಿಲ್ಲ ಅಂದ್ರೆ, ‘ಅಣ್ಣನ ಮುಖ ನೋಡಿ ಬಾಯಿ ಬರ್ಲಿಲ್ಲ’ ಅಂದ್ರು. ಅದು ನಿಜವೇ ಇರ್ಬೇಕು ಅಂತ ನನಗೆ ಈಗ ಅನ್ಸುತ್ತೆ. ಇಂಥವರು ಎದುರಿಗಿರೋರು ಎಷ್ಟು ತಡ್ಕೋತಾರೆ ಅಂತ ಅಂದಾಜು ಹಾಕಿ ಅಷ್ಟೇ ಹೇಳ್ತಾರೆ, ಉಳಿದಿದ್ದನ್ನ ಹೇಗೋ ನಾನೇ ಮ್ಯಾನೇಜ್ ಮಾಡ್ತೀನಿ ಅನ್ಕೊಂಡು ಒಳಗಿಟ್ಕೋತಾರೆ, ಆ ಒಳಗಿಟ್ಕೊಂಡಿದ್ದಕ್ಕೆ ಬಡ್ಡಿ ಓಡ್ತಾ ಇರುತ್ತೆ.

ಅದಕ್ಕೇ ಬಾಯಿಮಾತು ಕೇಳೋದು ಬಿಟ್ಟು ಕಾಗದ ಕೇಳಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ನಾಲ್ಕು ಕಂಪನಿ ಇದಾವೆ, ಯಾರ ಹೆಸರಲ್ಲಿ ಎಲ್ಲೆಲ್ಲಿ ಎಷ್ಟು ಸಾಲ ಇದೆ ಅನ್ನೋ ಪಟ್ಟಿಗೆ ಕ್ರೆಡಿಟ್ ರಿಪೋರ್ಟ್ ಅಂತಾರೆ, ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಬೇಕು, ಅದು ರಿಸರ್ವ್ ಬ್ಯಾಂಕ್ ರೂಲ್. ಒಂದು ಭಾನುವಾರ ಮಗಳನ್ನ ಅಜ್ಜಿ ಮನೆಗೆ ಕಳಿಸಿ, ಅವರ ಫೋನಿಂದ, ಅವರೇ ಒಟಿಪಿ ಹಾಕಿ, ನೀವು ಪಕ್ಕದಲ್ಲಿ ಕೂತು ತೆಗೀರಿ. ಬ್ಯಾಂಕ್ ಲೋನ್, ಗೋಲ್ಡ್ ಲೋನ್, ಕ್ರೆಡಿಟ್ ಕಾರ್ಡ್, ರಿಜಿಸ್ಟರ್ ಆಗಿರೋ ಫೈನಾನ್ಸ್ ಕಂಪನಿಗಳು ಆಪಲ್ಲಿ ಕೊಟ್ಟ ಸಾಲ, ಯಾರಿಗಾದ್ರೂ ಜಾಮೀನು ನಿಂತಿದ್ರೆ ಅದೂ ಸಾಮಾನ್ಯವಾಗಿ ಸಿಕ್ಬಿಡುತ್ತೆ. ಅದೇ ದಿನ ನಿಮ್ಮ ರಿಪೋರ್ಟನ್ನೂ ತೆಗೀರಿ, ಮರೀಬೇಡಿ, ಯಾಕಂದ್ರೆ ‘ಎರಡು ಸಲ ನನ್ನ ಫೋನ್ ತಗೊಂಡು ಒಟಿಪಿ ನೋಡ್ಕೊಂಡ್ರು’ ಅಂತ ನೀವು ಪತ್ರದ ಮೂಲೇಲಿ ಬರೆದಿದ್ದನ್ನ ಓದಿ ನಿಮ್ಮ ಹೆಸರಲ್ಲೇ ಸಾಲ ತೆಗೆದಿದಾರೋ ಏನೋ ಅಂತ ನನಗೆ ಒಡವೆಗಿಂತ ಅದೇ ಜಾಸ್ತಿ ಭಯ ಆಯ್ತು. ಕೈಸಾಲ, ಮೀಟರ್ ಬಡ್ಡಿ, ಗಿರವಿ ಅಂಗಡಿ ಇದ್ಯಾವ್ದೂ ರಿಪೋರ್ಟಲ್ಲಿ ಬರಲ್ಲ. ಅದಕ್ಕೆ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಫೋನ್‌ಪೇ ಗೂಗಲ್‌ಪೇ ಹಿಸ್ಟರಿ ತೆಗೆದು ಒಂದೊಂದು ಹೆಸರನ್ನೂ ಇದ್ಯಾರು ಅಂತ ಕೇಳ್ತಾ ಹೋಗಿ. ಬೇಜಾರಿನ ಕೆಲಸ, ಗೊತ್ತು.

ಇನ್ನು ಒಡವೆ. ತವರಿಂದ ತಂದಿದ್ದು, ಮದುವೇಲಿ ನಿಮಗೆ ಕೊಟ್ಟಿದ್ದು ಸ್ತ್ರೀಧನ, ಅದು ನಿಮ್ಮದೇ, ಗಂಡನಿಗೆ ಅದರಲ್ಲಿ ಪಾಲಿಲ್ಲ. 2024ರಲ್ಲೂ ಸುಪ್ರೀಂ ಕೋರ್ಟ್ ಇದನ್ನ ಮತ್ತೆ ಹೇಳಿದೆ, ಕಷ್ಟಕಾಲಕ್ಕೆ ಗಂಡ ಬಳಸಿದ್ರೂ ವಾಪಸ್ ಕೊಡೋ ಹೊಣೆ ಅವನದು ಅಂತ. ಕೇಸ್ ಹಾಕಿ ಅಂತಿಲ್ಲ ನಾನು, ‘ಗಂಡ ತಗೊಂಡಿದ್ದು ತಾನೇ’ ಅಂತ ಅತ್ತೆ ಅಂದ್ರಲ್ಲ, ಅವರಿಗೊಂದು ಉತ್ತರ ನಿಮ್ಮ ಹತ್ರ ಇರ್ಲಿ ಅಂತ. ಎಲ್ಲಕ್ಕಿಂತ ಮೊದಲು ಗಿರವಿ ರಸೀದಿ ಎಲ್ಲಿದೆ, ಡ್ಯೂ ಡೇಟ್ ಯಾವತ್ತು ನೋಡಿ, ಗಡುವು ಮೀರಿದ್ರೆ ಹರಾಜಿಗೆ ಹೋಗುತ್ತೆ, ಹರಾಜಾದ ಸರ ತಿರುಗಿ ಬರಲ್ಲ. ಕೈಯಲ್ಲಿ ಅಲ್ಪಸ್ವಲ್ಪ ದುಡ್ಡಿದ್ರೆ ಮೊದಲು ಅದಕ್ಕೆ ಕಟ್ಟಿ, ಸೋಫಾ ಮೇಲೆ ಕೂತ ಫ್ರೆಂಡಿಗಲ್ಲ.

ಗಂಡನ ಸಾಲಕ್ಕೆ ಹೆಂಡತಿ ಜವಾಬ್ದಾರಿನಾ ಅಂತ ಕೇಳಿದೀರ. ಬರೀ ಹೆಂಡತಿ ಅನ್ನೋ ಕಾರಣಕ್ಕೆ ಅಲ್ಲ. ಆದ್ರೆ ಜಾಮೀನು ಸೈನ್ ಹಾಕಿದ್ರೆ ಸಾಲಗಾರನಷ್ಟೇ ನೀವೂ ಹೊಣೆ, ಕಾಂಟ್ರಾಕ್ಟ್ ಆಕ್ಟಲ್ಲಿ 1872ರಿಂದ್ಲೂ ಹಂಗೇ ಇದೆ. ಈಗ ‘ಒಂದು ಸೈನ್ ಹಾಕು, ಎಲ್ಲ ಸೇರಿಸಿ ಒಂದೇ ಲೋನ್ ಮಾಡ್ಕೊಳ್ಳೋಣ’ ಅಂತ ಬಂದೇ ಬರ್ತಾರೆ. ಹಾಕ್ಬೇಡಿ. ಸೈನ್ ಮಾಡಿದ ಖಾಲಿ ಚೆಕ್ ಯಾರ ಕೈಲಾದ್ರೂ ಇದ್ಯಾ ಅಂತ್ಲೂ ನೆನಪು ಮಾಡ್ಕೊಳ್ಳಿ. ರಿಕವರಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ, ಮಾಡಿದ್ರೆ ರೆಕಾರ್ಡ್ ಮಾಡಿಟ್ಕೊಳ್ಳಿ. ವಕೀಲರ ಫೀಸಿಗೆ ಹೆದರ್ಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ರೂ ಫ್ರೀ, ಕೋರ್ಟ್ ಆವರಣದಲ್ಲೇ ಇರುತ್ತೆ ಆಫೀಸು.

ಈಗ ನಿಮ್ಮವರ ವಿಷ್ಯ. 2025ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೇ ಬ್ಯಾನ್ ಮಾಡೋ ಕಾನೂನು ತಂತು, ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ, ಆಡಿಸೋರಿಗೆ. ಆಪ್ ಮುಚ್ತು, ಇನ್ನು ಬಿಟ್ಬಿಡ್ತಾರೆ ಅಂತ ನೀವು ಬರೆದಿದೀರ. ಆಪ್ ಮುಚ್ಚಿದ್ರೂ ಟೀ ಅಂಗಡಿ ಹತ್ರ ನಿಲ್ಲೋ ಬುಕ್ಕಿ ಎಲ್ಲೂ ಹೋಗಿಲ್ಲ ತಂಗಿ. ಹೋದ ದುಡ್ಡನ್ನ ಇನ್ನೊಂದು ಆಟದಲ್ಲಿ ವಾಪಸ್ ತರ್ತೀನಿ ಅನ್ನೋ ಹಟಕ್ಕೆ ಡಾಕ್ಟರುಗಳು ಕಾಯಿಲೆ ಅಂತಾನೇ ಹೆಸರಿಟ್ಟಿದಾರೆ, ಬೆಂಗಳೂರಿನ ನಿಮ್ಹಾನ್ಸಲ್ಲಿ 2014ರಿಂದ ಮೊಬೈಲು, ಆನ್‌ಲೈನ್ ಚಟಕ್ಕೆ ಅಂತಾನೇ ‘ಶಟ್’ ಕ್ಲಿನಿಕ್ ಇದೆ. ದೇವರ ಮುಂದೆ ಆಣೆ ಮಾಡಿಸೋದಕ್ಕಿಂತ ಅಲ್ಲಿಗೆ ಕರ್ಕೊಂಡು ಹೋಗೋದು ಮೇಲು. ಅಂದಹಾಗೆ ನಮ್ಮ ಚಿಕ್ಕಪ್ಪನೂ ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿ ಬಂದಿದ್ರು.

‘ನಾನೇ ಇಲ್ದೇ ಹೋದ್ರೆ ನಿಮಗೆಲ್ಲ ನೆಮ್ಮದಿ’ ಅಂತ ಅವರು ಅಂದಿದ್ದನ್ನ ನೀವು ನಾಟಕ ಅಂತ ಬರೆದಿದೀರ. ನಾಟಕನೇ ಇರಬಹುದು, ಆದ್ರೂ ಹಂಗೆ ಅಂದ್ಕೊಂಡು ಸುಮ್ನಿರಬೇಡಿ. ಇವತ್ತೇ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಅವರ ಬದಲು ನೀವೇ ಮಾಡಿದ್ರೂ ಆಗುತ್ತೆ. ಲೆಕ್ಕ ಕೇಳೋ ದಿನನೂ ರಾತ್ರಿ ಅವರನ್ನ ಒಂಟಿ ಬಿಡ್ಬೇಡಿ. ಲೆಕ್ಕ ಬಿಡ್ಬೇಡಿ, ಅವರನ್ನೂ ಬಿಡ್ಬೇಡಿ ಅಂದ್ರೆ ಕಷ್ಟ ಅಂತ ನನಗೂ ಗೊತ್ತು, ಅದಕ್ಕೇ ನಿಮ್ಮ ಅಣ್ಣನಿಗಾದ್ರೂ ಹೇಳಿ. ಮಾನ ಹೋಗುತ್ತೆ ಅಂತೀರ. ಊರಿಗೆಲ್ಲ ಹೇಳಿ ಅಂತಿಲ್ಲ, ಒಬ್ಬರಿಗೆ.

ಸಂಬಳ ಬರೋ ಅಕೌಂಟಿನ ಎಟಿಎಂ ಪಿನ್, ಯುಪಿಐ ಪಿನ್ ಎರಡನ್ನೂ ಇವತ್ತೇ ಬದಲಾಯಿಸಿ. ಮಗಳ ಕಿವಿಯೋಲೆ ಒಂದೇ ಉಳಿದಿದೆ ಅಂದ್ರಲ್ಲ, ಅದನ್ನ ಮುಂದಿನ ಸಲ ತವರಿಗೆ ಹೋದಾಗ ಅಮ್ಮನ ಹತ್ರ ಇಟ್ಟು ಬನ್ನಿ, ಕೇಳಿದ್ರೆ ಎಲ್ಲಿಟ್ಟಿದೀನಿ ಅಂತ ನೇರವಾಗೇ ಹೇಳಿ.