ಓದುಗರ ಪ್ರಶ್ನೆ, ನಮ್ಮ ಉತ್ತರ: “ನನ್ನನ್ನು ನೋಡೋಕೆ ಯಾರು ಬರ್ತಾರೆ?”

ಪ್ರಶ್ನೆ: ನನ್ನ ಮಗನಿಗೆ ಈಗ 27 ವರ್ಷ. ಅವನಿಗೆ ಆಟಿಸಂ ಇದೆಯೆಂದು ನಾಲ್ಕನೆಯ ವಯಸ್ಸಿನಲ್ಲಿಯೇ ತಿಳಿಯಿತು. ಹದಿನೆಂಟು ತುಂಬುವವರೆಗೆ ವಿಶೇಷ ಶಾಲೆ, ಸ್ಪೀಚ್ ಥೆರಪಿ ಎಂದು ದಿನಗಳು ತುಂಬಿಕೊಂಡಿರುತ್ತಿದ್ದವು. ಈಗ ಬೆಳಿಗ್ಗೆ ಎರಡು ಗಂಟೆ ಅವರಪ್ಪನ ಅಂಗಡಿಯಲ್ಲಿ ಬಿಲ್ಲುಗಳನ್ನು ಜೋಡಿಸಿಕೊಡುತ್ತಾನೆ; ಉಳಿದ ಹೊತ್ತೆಲ್ಲ ಕೋಣೆಯಲ್ಲಿ ಕುಳಿತು ರೈಲಿನ ವಿಡಿಯೊ ನೋಡುತ್ತಾನೆ. ಮದುವೆ, ನಾಮಕರಣಗಳಿಗೆ ಕರೆದುಕೊಂಡು ಹೋದರೆ ಹತ್ತೇ ನಿಮಿಷದಲ್ಲಿ ಹೊರಗೆ ಹೋಗಿ ಕಾರಿನಲ್ಲಿ ಕುಳಿತುಬಿಡುತ್ತಾನೆ. ಮೊನ್ನೆ ಅವನ ತಂಗಿಯ ಗೆಳತಿಯರು ಬಂದು ಹೋದ ಮೇಲೆ, “ನನ್ನನ್ನು ನೋಡೋಕೆ ಯಾರು ಬರ್ತಾರೆ?” ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ಜನರೆಂದರೆ ಆಗದವನಿಗೆ ಸ್ನೇಹಿತರನ್ನು ಎಲ್ಲಿಂದ ತರಲಿ?
– ಹೆಸರು ಬೇಡ, ಮೈಸೂರು

ಉತ್ತರ: ಮಗ ಜನರೆಂದರೆ ಆಗದವನು ಎಂದು ಬರೆದಿದ್ದೀರಿ. ಆದರೆ ಅವನು ನಿಮ್ಮನ್ನು ಕೇಳಿದ ಪ್ರಶ್ನೆ ಜನ ಬೇಕೆನ್ನುವವನ ಪ್ರಶ್ನೆ. ಅವನಿಗೆ ಆಗದಿರುವುದು ಮದುವೆಮನೆ. ವಾಲಗದ ಸದ್ದು, ಮೈಕಿನ ಕಿರುಚಾಟ, ಕಣ್ಣಿಗೆ ಚುಚ್ಚುವ ದೀಪಗಳು, ಬೆನ್ನು ತಟ್ಟಿ “ಏನಪ್ಪಾ, ಮದುವೆ ಯಾವಾಗ?” ಎಂದು ಕೇಳುವ ನೆಂಟರು, ಇವೆಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗ ಕಾರಿನೊಳಗೆ ಹೋಗಿ ಕುಳಿತದ್ದು ಅವನ ಮಟ್ಟಿಗೆ ವಿವೇಕದ ನಡೆಯೇ ಆಗಿತ್ತು.

ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾವು ಬಹಳ ಕಾಲ ಒಂದೇ ಕಡೆಯಿಂದ ಹೇಳಿಕೊಂಡು ಬಂದೆವು. ತಾವೇ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಅವರು, ಈ ತೊಡಕು ಎರಡೂ ಬದಿಯದು, ಉಳಿದವರಿಗೂ ಆಟಿಸಂ ಇರುವವರ ಮನಸ್ಸು ಅಷ್ಟೇ ಅರ್ಥವಾಗುವುದಿಲ್ಲ ಎಂದು 2012ರಲ್ಲಿ ವಾದಿಸಿದರು. ಎಡಿನ್‌ಬರೊ ವಿಶ್ವವಿದ್ಯಾಲಯದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಪುಷ್ಟಿ ಕೊಟ್ಟಿತು. ಎಂಟೆಂಟು ಜನರ ಸಾಲುಗಳಲ್ಲಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿದಾಗ, ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸಾಲುಗಳಲ್ಲಿ ಕಥೆ ಉಳಿದವರ ಸಾಲುಗಳಲ್ಲಿ ಉಳಿದಷ್ಟೇ ಚೆನ್ನಾಗಿ ಉಳಿಯಿತು. ಎರಡೂ ಬಗೆಯವರು ಬೆರೆತ ಸಾಲುಗಳಲ್ಲಿ ಹೆಚ್ಚು ಸೋರಿಹೋಯಿತು. ಆದ್ದರಿಂದ ಮಗನಿಗೆ “ಬೆರೆಯುವುದನ್ನು” ಕಲಿಸುವ ಇನ್ನೊಂದು ತರಗತಿಯನ್ನು ದಯವಿಟ್ಟು ಹುಡುಕಬೇಡಿ. ಹದಿನಾಲ್ಕು ವರ್ಷ ಅವನು ಕಲಿತದ್ದು ಸಾಕು. ಅವನಂತೆಯೇ ಇರುವ ಮೂರ್ನಾಲ್ಕು ಜನರನ್ನು ಹುಡುಕಿ.

ನಾನು ಕೆಲಕಾಲ ಜೊತೆಗಿದ್ದ ಒಂದು ಸಣ್ಣ ಗುಂಪು ತಿಂಗಳಿಗೊಮ್ಮೆ ನಿಮ್ಮೂರಿನ ರೈಲ್ವೆ ಮ್ಯೂಸಿಯಂನಲ್ಲಿ ಸೇರುತ್ತಿತ್ತು. ಅಲ್ಲಿಗೆ ಬರುತ್ತಿದ್ದ ಇಬ್ಬರು ಯುವಕರು ಮೊದಲ ಎರಡು ಸಲ ಒಂದೇ ಕಲ್ಲುಬೆಂಚಿನ ಎರಡು ತುದಿಗಳಲ್ಲಿ ಕುಳಿತು, ಒಂದು ಮಾತೂ ಆಡದೆ ಎದ್ದುಹೋದರು. ಮೂರನೆಯ ಸಲ ಒಬ್ಬ ತನ್ನಷ್ಟಕ್ಕೆ “ಬೆಳಗೊಳ” ಎಂದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ನೆಲ ನೋಡುತ್ತಲೇ “ಸಾಗರಕಟ್ಟೆ” ಎಂದ. ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತ ಹಾಸನ ತಲುಪಿದರು. ಮಧ್ಯದ ಒಂದು ನಿಲ್ದಾಣ ಬಿಟ್ಟುಹೋಯಿತೆಂದು ಮೊದಲಿನವನು ಮತ್ತೆ ಮೈಸೂರಿನಿಂದ ಆರಂಭಿಸಿದಾಗ ಇಬ್ಬರೂ ನಕ್ಕರು. ದೂರದಲ್ಲಿ ನಿಂತಿದ್ದ ತಾಯಿಯೊಬ್ಬರು “ಈಗ ಮಾತಾಡಿಸಲೇ?” ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ಅವರು ಆಗಲೇ ಮಾತಾಡುತ್ತಿದ್ದರು.

ನಿಮ್ಮ ಗುಂಪು ಐದಾರು ಜನರನ್ನು ಮೀರದಿರಲಿ. ಪ್ರತಿ ತಿಂಗಳೂ ಅದೇ ವಾರ, ಅದೇ ಜಾಗ. ಆರಂಭದಷ್ಟೇ ಮುಗಿಯುವ ಸಮಯವೂ ಖಚಿತವಾಗಿರಬೇಕು, ಏಕೆಂದರೆ ಯಾವಾಗ ಮುಗಿಯುತ್ತದೆಂದು ತಿಳಿಯದ ಕೂಟವೇ ಇವರನ್ನು ಹೆಚ್ಚು ದಣಿಸುತ್ತದೆ. ಜಾಗದ ಫೋಟೊವನ್ನು ಮೊದಲೇ ಕಳುಹಿಸಿ. ಎದ್ದುಹೋಗಿ ಸುಮ್ಮನೆ ಕುಳಿತುಕೊಳ್ಳಲು ಒಂದು ಮೂಲೆಯಿರಲಿ. ಹೋದವರನ್ನು ಯಾರೂ ಕರೆತರಬಾರದು. ಅಮೆರಿಕದಲ್ಲಿ ಆಟಿಸಂ ಇರುವವರೇ 1996ರಿಂದ ನಡೆಸಿದ ಆಟ್ರೀಟ್ ಎಂಬ ಶಿಬಿರಗಳಲ್ಲಿ ಬಣ್ಣದ ಬಿಲ್ಲೆಗಳನ್ನು ಬಳಸುತ್ತಿದ್ದರು: ಕೆಂಪು ಹಾಕಿಕೊಂಡವರನ್ನು ಮಾತಾಡಿಸುವಂತಿಲ್ಲ, ಹಳದಿಯವರನ್ನು ಪರಿಚಿತರಷ್ಟೇ ಮಾತಾಡಿಸಬಹುದು, ಹಸಿರೆಂದರೆ “ನನಗೆ ಮಾತು ಬೇಕು, ಆರಂಭಿಸಲು ಬರುವುದಿಲ್ಲ, ನೀವೇ ಆರಂಭಿಸಿ” ಎಂದು. ರಟ್ಟಿನ ಮೂರು ತುಂಡುಗಳಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆ ಹಸಿರು ಬಿಲ್ಲೆಯ ಅರ್ಥವನ್ನು ಮನೆಯವರೆಲ್ಲರೂ ತಿಳಿದುಕೊಳ್ಳಬೇಕೆಂಬುದು ನನ್ನ ಆಸೆ.

ಉಳಿದ ಕುಟುಂಬಗಳು ಎಲ್ಲಿ ಸಿಗುತ್ತವೆ ಎಂದರೆ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗನನ್ನು ಕರೆದೊಯ್ಯುತ್ತಿದ್ದ ದಿನಗಳಲ್ಲಿ ನಿಮ್ಮ ಜೊತೆ ಬೆಂಚಿನ ಮೇಲೆ ಕಾದು ಕುಳಿತ ಪೋಷಕರು ಯಾರಾದರೂ ಇದ್ದರೆ ಅವರಿಂದಲೇ ಶುರು ಮಾಡಿ. ಅವರ ಮಕ್ಕಳಿಗೂ ಈಗ ಇದೇ ವಯಸ್ಸು, ಬಹುಶಃ ಇದೇ ಖಾಲಿ ಮಧ್ಯಾಹ್ನಗಳು. ಆಟಿಸಂ ಮುಂತಾದವು ಇರುವವರ ಕ್ಷೇಮಕ್ಕಾಗಿ 1999ರ ಕಾಯ್ದೆಯಡಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಂಡ ಪೋಷಕರ ಸಂಘಗಳನ್ನೂ ಕೇಳಬಹುದು. ಇನ್ನೊಂದು ಮಾತು: ಊಟ, ನಿದ್ದೆ ಕೆಟ್ಟು, ರೈಲಿನ ವಿಡಿಯೊ ಕೂಡ ಬೇಡವೆನ್ನತೊಡಗಿದರೆ ಅದನ್ನು ಆಟಿಸಂ ಎಂದುಕೊಂಡು ಕಾಯದೆ ಮನೋವೈದ್ಯರಿಗೆ ತೋರಿಸಿ. ಆಟಿಸಂ ಇರುವ ವಯಸ್ಕರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು.

ಪ್ರಶ್ನೆ: ನನಗೆ 31 ವರ್ಷ, ಸಾಫ್ಟ್‌ವೇರ್ ಟೆಸ್ಟರ್. ಆಟಿಸಂ ಇದೆಯೆಂದು ತಿಳಿದು ಎರಡು ವರ್ಷವಾಯಿತು. ಮನೆಯಲ್ಲಿ ಒಬ್ಬಳೇ ಇದ್ದಾಗ ನೆಮ್ಮದಿ, ಆಫೀಸಿನ ಊಟದ ಮೇಜಿನಲ್ಲಿ ಹತ್ತು ಜನರ ನಡುವೆ ಒಂಟಿತನ. ನನ್ನಂಥವರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿದ್ದೇನೆ. ಅವರು ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತಾರಂತೆ. ಹೋಗಲೇಬೇಕೇ?
– ಓದುಗರು, ಬೆಂಗಳೂರು

ಉತ್ತರ: ಹೋಗಲೇಬೇಕೆಂದೇನೂ ಇಲ್ಲ. ಬರೆದು ಬೆಳೆಸಿದ ಸ್ನೇಹವೂ ಸ್ನೇಹವೇ. ಊಟದ ಮೇಜಿನಲ್ಲಿ ನಿಮ್ಮನ್ನು ದಣಿಸುತ್ತಿರುವುದು ಬಹುಶಃ ಸರಿಯಾದ ಹೊತ್ತಿಗೆ ನಗುವ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಆ ಎಡೆಬಿಡದ ನಟನೆ. ನಿಮ್ಮನ್ನಲ್ಲದೆ ನಿಮ್ಮ ನಟನೆಯನ್ನು ಮಾತಾಡಿಸುವವರ ನಡುವೆ ಒಂಟಿತನ ಕಾಡದಿರುವುದು ಹೇಗೆ? ಲಾಲ್‌ಬಾಗಿನಲ್ಲಿ ಆ ನಟನೆ ಬೇಕಾಗಲಾರದು ಎಂಬ ಒಂದೇ ಕಾರಣಕ್ಕೆ ಒಮ್ಮೆ ಹೋಗಿ ನೋಡಿ ಎನ್ನುತ್ತೇನೆ. ಜನ ಹೆಚ್ಚಿರದ ಹೊತ್ತಿಗೆ ಸೇರೋಣವೇ ಎಂದು ಗುಂಪಿನಲ್ಲಿ ಕೇಳಿ, ನೀವು ಅರ್ಧ ಗಂಟೆಯಷ್ಟೇ ಇರುವಿರೆಂದೂ ಹೊರಡುವಾಗ ಯಾರಿಗೂ ಹೇಳದೆ ಹೊರಡಬಹುದೆಂದೂ ಮೊದಲೇ ಬರೆದು ತಿಳಿಸಿ.